ಬೆನ್ನು ನೋಡಿ ಹೆಸರಿಡಬೇಡಿ

ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಹಳ್ಳ ದಾಟಲು ಅಡಿಕೆ ಮರದ ಸಂಕವೊಂದಿದೆ. ಬೇಸಿಗೆಯಲ್ಲಿ ಅದರ ಪಕ್ಕೆಗೆ ಸುಣ್ಣದ ಚಕ್ಕೆಗಳಂಥವು ಮುದುಡಿಕೊಂಡು ಅಂಟಿರುತ್ತವೆ. ಮೊದಲ ಮಳೆ ಸುರಿದ ಮರುದಿನ ನೋಡಿದರೆ ಅವೇ ಚಕ್ಕೆಗಳು ಬೀಸಣಿಗೆಗಳಾಗಿ ಬಿಚ್ಚಿಕೊಂಡಿರುತ್ತವೆ. ಕಾಂಡವಿಲ್ಲ, ಅಗಲ ಒಂದರಿಂದ ನಾಲ್ಕು ಸೆಂಟಿಮೀಟರ್, ಮೇಲೆಲ್ಲ ಬಿಳಿ ಬೂದು ರೋಮ.

ಮರದ ಮೇಲೆ ಬೆಳೆಯುವ ಬಿಳಿಯ ಪುಟ್ಟ ಅಣಬೆಗಳು ಮಲೆನಾಡಿನಲ್ಲಿ ಹಲವಿವೆ. ಬೆನ್ನು ನೋಡಿ ಹೆಸರು ಹೇಳಿದರೆ ತಪ್ಪುವುದೇ ಹೆಚ್ಚು. ಸಂಕದ ಈ ಅಣಬೆಯನ್ನು ಮಗುಚಿ ನೋಡಬೇಕು. ಬುಡದಿಂದ ಅಂಚಿಗೆ ಹರಡಿದ ನಸುಗೆಂಪು ಬೂದು ಪದರಗಳು ಕಾಣುತ್ತವೆ. ಭೂತಗನ್ನಡಿ ಹಿಡಿದರೆ, ಪ್ರತಿ ಪದರವೂ ಅಂಚಿನುದ್ದಕ್ಕೂ ಅಡಿಕೆ ದಬ್ಬೆಯಂತೆ ಎರಡಾಗಿ ಸೀಳಿರುತ್ತದೆ! ಈ ಗುರುತು ಸಿಕ್ಕರೆ ಅದು ಶೈಜೋಫಿಲಮ್ ಕಮ್ಯೂನ್. ಗ್ರೀಕ್ ಮೂಲದ ಮೊದಲ ಪದಕ್ಕೆ 'ಸೀಳೆಲೆ' ಎಂದೇ ಅರ್ಥ. ಸ್ವೀಡನ್ನಿನ ಶಿಲೀಂಧ್ರ ತಜ್ಞ ಎಲಿಯಾಸ್ ಫ್ರೀಸ್ 1815ರಲ್ಲಿ ಇಟ್ಟ ಹೆಸರು.

ಇದನ್ನೇ ಹೋಲುವ ಕ್ರೆಪಿಡೋಟಸ್ ಅಣಬೆಗಳ ಪದರಗಳು ಸೀಳಿರುವುದಿಲ್ಲ. ಅನುಮಾನವಿದ್ದರೆ ಹಸಿ ಅಣಬೆಯನ್ನು ಪದರಗಳು ಕೆಳಗಾಗುವಂತೆ ಕಪ್ಪು ಕಾಗದದ ಮೇಲಿಟ್ಟು, ಲೋಟ ಕವುಚಿ, ರಾತ್ರಿಯಿಡೀ ಬಿಡಿ. ಉದುರಿದ ಬೀಜಕಗಳ ಪುಡಿ ಬಿಳಿಯಾದರೆ ಸೀಳೆಲೆ ಇರಬಹುದು, ಕಂದಾದರೆ ಖಂಡಿತ ಅಲ್ಲ.

ಸೀಳು ಇರುವುದು ಬದುಕುವುದಕ್ಕೆ. ಬಿಸಿಲು ಏರಿದಾಗ ಸೀಳಿದ ಎರಡು ಭಾಗಗಳೂ ಹೊರಕ್ಕೆ ಸುರುಳಿಯಾಗಿ, ಬೀಜಕ ಹುಟ್ಟುವ ಮೈಯನ್ನು ಮುಚ್ಚಿಕೊಳ್ಳುತ್ತವೆ. ತೇವ ತಾಗಿದಾಗ ಮತ್ತೆ ನೆಟ್ಟಗಾಗಿ ಬೀಜಕ ಚೆಲ್ಲುತ್ತವೆ. ಹೆಚ್ಚಿನ ಅಣಬೆಗಳು ಕೆಲವೇ ದಿನಗಳಲ್ಲಿ ಕೊಳೆತುಹೋಗುವಾಗ ಇದು ಒಣಗಿ ಕಾಯುತ್ತದೆ. ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ನೆಲೆಯೂರಿದ ಜೀವಿಗೆ ಈ ತಾಳ್ಮೆಯೇ ದೊಡ್ಡ ಬಲ ಎಂದು ನನಗನ್ನಿಸುತ್ತದೆ. ಗಂಡು ಹೆಣ್ಣು ಎಂಬ ಎರಡೇ ಪಂಗಡ ಇದಕ್ಕಿಲ್ಲ. ಕೂಡಿಕೆಯ ಬಗೆಗಳು 23,000ಕ್ಕೂ ಹೆಚ್ಚು. ಹಾಗಾಗಿ ಎದುರಾದ ತನ್ನದೇ ಜಾತಿಯ ಅಪರಿಚಿತ ಶಿಲೀಂಧ್ರ ಎಳೆಯೊಂದಿಗೆ ಹೊಂದಾಣಿಕೆಯಾಗುವುದು ಬಹುಪಾಲು ಖಚಿತ.

ಮರ ತಿನ್ನುವ ರೀತಿಯೂ ಬೇರೆ. ಬಿಳಿ ಕೊಳೆ ತರುವ ಶಿಲೀಂಧ್ರಗಳ ಸಾಲಿಗೆ ಇದನ್ನು ಸೇರಿಸುತ್ತಾರೆ. ಆದರೆ 2010ರಲ್ಲಿ ಇದರ ಜೀನೋಮ್ ಓದಿದಾಗ, ಆ ಗುಂಪಿನವು ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಒಡೆಯಲು ಬಳಸುವ ಪೆರಾಕ್ಸಿಡೇಸ್ ಕಿಣ್ವಗಳ ಜೀನ್‌ಗಳೇ ಇದರಲ್ಲಿ ಸಿಗಲಿಲ್ಲ.

ಮಣಿಪುರದಲ್ಲಿ ಇದನ್ನು ಕಂಗ್ಲಾಯೆನ್ ಎಂದು ಕರೆದು ಅಡುಗೆಗೆ ಬಳಸುತ್ತಾರೆ. ಹಾಗೆಂದು ಪರಿಚಯವಿಲ್ಲದ ಅಣಬೆಯನ್ನು ಯಾರೂ ಬಾಯಿಗಿಡಬಾರದು. ನೋಡುವ ಸುಖಕ್ಕಂತೂ ಅಡ್ಡಿಯಿಲ್ಲ: ಸೌದೆ ಕೊಟ್ಟಿಗೆಯಲ್ಲಿ ಒಣಗಿದ್ದೊಂದು ಸಿಕ್ಕರೆ ಒದ್ದೆ ಬಟ್ಟೆಯ ಮೇಲೆ ಇಡಿ. ಕೆಲವು ಗಂಟೆಗಳಲ್ಲಿ ಅದು ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ.