ಮಗುವಿನ ಬೆಳವಣಿಗೆ: ಒಂಬತ್ತನೇ ತಿಂಗಳಿನ ಸುತ್ತ ಒಂದು ಟಿಪ್ಪಣಿ

ಮಗುವಿನ ಬೆಳವಣಿಗೆ ಬಗ್ಗೆ ನಾನು ಓದಿದ ಪುಸ್ತಕದಲ್ಲಿ ದೈಹಿಕ, ಮಾನಸಿಕ, ಸಾಮಾಜಿಕ ಅಂತ ಮೂರು ಅಧ್ಯಾಯ. ಹಾಗೆ ಬಿಡಿಬಿಡಿಯಾಗಿ ಓದಿದಾಗ ನನ್ನ ತಲೆಗೆ ಹತ್ತಲಿಲ್ಲ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಚಾಳಿನಲ್ಲಿ (ಒಂದೇ ಗ್ಯಾಲರಿಗೆ ಸಾಲಾಗಿ ಖೋಲಿಗಳಿರುವ ಕಟ್ಟಡ) ಪಕ್ಕದ ಮನೆಯ ಕೂಸನ್ನು ನೋಡುತ್ತಾ ಓದಿದೆ, ಆಗ ಹತ್ತಿತು.

ಮೈಯ ಬೆಳವಣಿಗೆ ತಲೆಯಿಂದ ಕಾಲಿನ ಕಡೆಗೆ, ಮೈನಡುವಿನಿಂದ ಬೆರಳಿನ ಕಡೆಗೆ ಸಾಗುತ್ತದೆ. ಕತ್ತು ನಿಲ್ಲುವುದು 3-4 ತಿಂಗಳಿಗೆ, ಆಸರೆಯಿಲ್ಲದೆ ಕೂರುವುದು 6-8ಕ್ಕೆ, ನಡಿಗೆ ಸುಮಾರು 12-15ಕ್ಕೆ. ಹುಟ್ಟಿದಾಗಿನ ತೂಕ ವರ್ಷ ತುಂಬುವಾಗ ಹತ್ತಿರ ಹತ್ತಿರ ಮೂರು ಪಟ್ಟು. ಕೆಲವು ಮಕ್ಕಳು ಅಂಬೆಗಾಲಿಡದೇ ನಡೆದುಬಿಡುತ್ತವೆ, ಗಾಬರಿ ಬೇಡ. 18 ತಿಂಗಳಾದರೂ ನಡೆಯದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ಈಗ ಒಂಬತ್ತನೇ ತಿಂಗಳು. ಕೂಸು ಅಂಬೆಗಾಲಿಟ್ಟು ಹೊಸ್ತಿಲು ದಾಟುತ್ತದೆ. ನೆಲದ ಮೇಲಿನ ಅನ್ನದ ಅಗುಳನ್ನು ಎರಡು ಬೆರಳಲ್ಲಿ ಹೆಕ್ಕುತ್ತದೆ. ಚೆಂಡಿನ ಮೇಲೆ ಬಟ್ಟಲು ಕವುಚಿ ನೋಡಿ: ಐದನೇ ತಿಂಗಳಲ್ಲಿ ಸುಮ್ನೆ ಇದ್ದದ್ದು ಈಗ ಬಟ್ಟಲೆತ್ತಿ ಹುಡುಕುತ್ತದೆ. ಕಣ್ಣಿಗೆ ಕಾಣದಿದ್ದರೂ ವಸ್ತು ಇದೆ ಅನ್ನುವ ಈ ತಿಳಿವನ್ನು ಮಕ್ಕಳ ಬುದ್ಧಿಯ ಬೆಳವಣಿಗೆ ಅಭ್ಯಾಸ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆ ಸುಮಾರು ಎಂಟನೇ ತಿಂಗಳಿಗೆ ಇಟ್ಟಿದ್ದ. ಅದರ ಸುಳಿವು ಇನ್ನೂ ಮೊದಲೇ ಇರುತ್ತದೆ ಅಂತ ಆಮೇಲಿನವರು ತೋರಿಸಿದರು.

ಹೋದ ತಿಂಗಳು ನನ್ನ ತೋಳಲ್ಲಿ ನಗುತ್ತಿದ್ದ ಇದೇ ಕೂಸು ಈಗ ನನ್ನನ್ನು ಕಂಡರೆ ಅಳುತ್ತದೆ. 'ಯಾಕೋ ಹಟಮಾರಿ ಆಗ್ಯದ' ಅಂತಾರೆ ಅವರಜ್ಜಿ. ಹಟ ಅಲ್ಲ. ಹೊರಗಿನವರನ್ನು ಕಂಡರೆ ಈಗ ಅಳುಕು. ಅವ್ವ ಕಾಣದಿದ್ದರೂ ಎಲ್ಲೋ ಇದ್ದಾಳೆ ಅಂತ ಗೊತ್ತಾಗಿದೆ, ಅದಕ್ಕೇ ಅವಳು ಬೇಕು. ಚೆಂಡು ಹುಡುಕಿಸಿದ ಬುದ್ಧಿಯೂ ಈ ಅಳುವೂ ಒಂದೇ ಹೊತ್ತಿಗೆ ಬರುವುದು ಅದಕ್ಕೇ ಇರಬೇಕು. ಹೊಸ್ತಿಲು ದಾಟುವ ಮುನ್ನ ತಿರುಗಿ ಅವ್ವನ ಮುಖ ನೋಡುತ್ತದೆ, ಹೋಗಲಾ ಅಂತ. ಇಲ್ಲಿ ಮೂರೂ ಅಧ್ಯಾಯ ಒಟ್ಟಿಗೆ ಇವೆ, ಅಲ್ವಾ?

ಭಾಷೆಯ ವಿಷಯ ಮುಂಬೈನವರಿಗೆ ಜಾಸ್ತಿ ಬೇಕು. ಕೂಸಿನ ಅಣ್ಣನಿಗೆ ಎರಡೂವರೆ ವರ್ಷ. ಮನೆಯಲ್ಲಿ ಕನ್ನಡ, ಗ್ಯಾಲರಿಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ. 'ಅವ್ವಾ, ಪಾಣಿ ಬೇಕು' ಅಂತಾನೆ. ಭಾಷೆ ಬೆರೆಸುವುದು ಗೊಂದಲದ ಲಕ್ಷಣವಲ್ಲ. ಎಷ್ಟು ಪದ ಬರುತ್ತದೆ ಅಂತ ಎಣಿಸುವಾಗ ಮೂರೂ ಭಾಷೆ ಸೇರಿಸಿ ಎಣಿಸಬೇಕು. ಕನ್ನಡದ್ದು ಮಾತ್ರ ಎಣಿಸಿದರೆ ಮಾತು ತಡ ಅಂತ ತಪ್ಪಾಗಿ ಕಾಣುತ್ತದೆ.

ಇನ್ನು ಆಟ. ಮಕ್ಕಳ ಆಟದ ಹಂತಗಳನ್ನು ವಿಂಗಡಿಸಿದ್ದು ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ (1932). ಅದರಲ್ಲೊಂದು ಸಮಾನಾಂತರ ಆಟ, ಅಂದರೆ ಪಕ್ಕದಲ್ಲೇ ಇದ್ದರೂ ತಮ್ಮತಮ್ಮಷ್ಟಕ್ಕೆ ಆಡುವುದು. ಅದಕ್ಕೆ ನನ್ನ ಉದಾಹರಣೆ: ಈ ಹುಡುಗನೂ ಎದುರು ಖೋಲಿಯವನೂ ಪಕ್ಕಪಕ್ಕ ಕೂತು ಬಾಟಲಿ ಮುಚ್ಚಳ ಜೋಡಿಸುತ್ತಾರೆ. ಒಬ್ಬರಿಗೊಬ್ಬರು ಮಾತಿಲ್ಲ. ಮುಚ್ಚಳ ಕಸಿದಾಗ ಮಾತ್ರ ಎರಡು ಭಾಷೆಯಲ್ಲಿ ಜಗಳ.