ಪದ ಪರಿಚಯ: ವರ್ತಮಾನಕಾಲ

ಮೊನ್ನೆ ರಾತ್ರಿ ಊಟ ಆದಮೇಲೆ ಅಣ್ಣನ ಮಗಳು ಇಂಗ್ಲಿಷ್ ವರ್ಕ್‌ಬುಕ್ ಹಿಡಿದುಕೊಂಡು ಬಂದಳು. ನಾಲ್ಕನೇ ಕ್ಲಾಸು. ಪುಟದ ಮೇಲೆ ಒಂದು ಬಣ್ಣದ ಚೌಕ. ಅದರೊಳಗೆ, ‘ಸಿಂಪಲ್ ಪ್ರೆಸೆಂಟ್ ಅಂದರೆ ವರ್ತಮಾನಕಾಲ. ಈಗ ನಡೆಯುತ್ತಿರುವ ಕೆಲಸವನ್ನು ಹೇಳುತ್ತದೆ’ ಎಂದು ಅಚ್ಚಾಗಿದೆ. ಕೆಳಗೇ ಉದಾಹರಣೆ: ‘ದಿ ಸನ್ ರೈಸಸ್ ಇನ್ ದಿ ಈಸ್ಟ್.’ ಹುಡುಗಿ ಕತ್ತಲಾದ ಕಿಟಕಿ ಕಡೆ ನೋಡಿ, ‘ಅತ್ತೆ, ಈಗ ಸೂರ್ಯ ಹುಟ್ತಾ ಇಲ್ವಲ್ಲ?’ ಅಂದಳು.

ಅವಳು ಕೇಳಿದ್ದು ಸರಿ. ತಪ್ಪಿರುವುದು ಆ ಚೌಕದಲ್ಲಿ. ಸಿಂಪಲ್ ಪ್ರೆಸೆಂಟ್ ಸಾಮಾನ್ಯವಾಗಿ ಹೇಳುವುದು ದಿನಾ, ರೂಢಿಯಾಗಿ ನಡೆಯುವುದನ್ನು. ಗೈಡುಗಳಲ್ಲಿ, ಟ್ಯೂಷನ್ ನೋಟ್ಸಿನಲ್ಲಿ, ಗೋಡೆಗೆ ಅಂಟಿಸುವ ಚಾರ್ಟಿನಲ್ಲಿ ಈ ಸಾಲನ್ನು ನೋಡಿ ನೋಡಿ ಸಾಕಾಗಿದೆ. ‘ವರ್ತಮಾನ’ಕ್ಕೆ ‘ಈಗ’ ಎಂದು ಅರ್ಥ ಹಚ್ಚಿಬಿಟ್ಟರೆ ಮುಂದಿನ ಪಾಠವೆಲ್ಲ ಸೊಟ್ಟಗಾಗುತ್ತದೆ.

ಪದದ ಮೂಲಕ್ಕೇ ಹೋಗೋಣ. ಸಂಸ್ಕೃತದಲ್ಲಿ ‘ವೃತ್’ ಎಂಬ ಧಾತು ಇದೆ. ತಿರುಗು, ಇರು, ನಡೆದುಕೊಂಡು ಹೋಗು ಎಂದೆಲ್ಲ ಅದರ ಅರ್ಥ. ವೃತ್ತ, ವರ್ತುಲ, ಆವರ್ತನ ಎಲ್ಲವೂ ಅದೇ ಮನೆಯ ಮಕ್ಕಳು. ವರ್ತನೆ ಮತ್ತು ವೃತ್ತಿಯೂ ಅಲ್ಲಿಂದಲೇ ಬಂದವು. ಒಬ್ಬರ ವರ್ತನೆ ಚೆನ್ನಾಗಿದೆ ಅಂದರೆ ಈ ನಿಮಿಷದ ಮಾತಲ್ಲ, ಅವರು ನಡೆದುಕೊಳ್ಳುವ ರೀತಿ. ವೃತ್ತಿ ಅಂದರೆ ದಿನಾ ಮಾಡುವ ಕೆಲಸ. ಅದೇ ಧಾತುವಿಗೆ ‘ಮಾನ’ ಸೇರಿ ವರ್ತಮಾನ ಆಗಿದೆ, ಅಂದರೆ ‘ನಡೆದುಕೊಂಡು ಬರುತ್ತಿರುವುದು’. ರೂಢಿ, ಅಭ್ಯಾಸ ಎಲ್ಲಕ್ಕೂ ಅದರಲ್ಲಿ ಜಾಗ ಇದೆ. ಹಳಬರು ‘ಊರ ಕಡೆ ಏನು ವರ್ತಮಾನ?’ ಎಂದು ಕೇಳುವಾಗಲೂ ಈ ಕ್ಷಣದ ಸುದ್ದಿಯನ್ನಷ್ಟೇ ಕೇಳುವುದಿಲ್ಲ.

ಇಂಗ್ಲಿಷಿನ ‘ಟೆನ್ಸ್’ ಲ್ಯಾಟಿನ್ನಿನ ‘ಟೆಂಪಸ್’ನಿಂದ ಫ್ರೆಂಚ್ ದಾಟಿ ಬಂದದ್ದು. ಟೆಂಪಸ್ ಅಂದರೆ ಕಾಲ. ಹೆಸರಲ್ಲೇ ಕಾಲ ಇರುವುದರಿಂದ ಗಡಿಯಾರ ನೋಡಬೇಕು ಅನ್ನಿಸುತ್ತದೆ. ಆದರೆ ಕ್ರಿಯಾಪದದ ರೂಪಕ್ಕೂ ಗಡಿಯಾರಕ್ಕೂ ಅಂಥ ಗಂಟು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬಿಗಿಯಾಗಿಲ್ಲ. ‘ಮಾಡುವನು, ಹೋಗುವನು’ ಎನ್ನುವಲ್ಲಿನ ‘ವ’ ಭವಿಷ್ಯತ್ತಿನದು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಹಾಗಂತ ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಅಂದರೆ ನಾಳೆ ಬೊಗಳಲಿರುವ ನಾಯಿ ಎಂದು ಯಾರಾದರೂ ತಿಳಿಯುತ್ತಾರಾ? ಇಂಗ್ಲಿಷಿನಲ್ಲಿ ‘ದಿ ಟ್ರೈನ್ ಲೀವ್ಸ್ ಅಟ್ ಸಿಕ್ಸ್ ಟುಮಾರೊ’ ಅನ್ನುತ್ತಾರೆ. ರೂಪ ಸಿಂಪಲ್ ಪ್ರೆಸೆಂಟ್, ರೈಲು ನಾಳೆಯದು.

ಹಾಗಾದರೆ ಮಕ್ಕಳಿಗೆ ಹೇಗೆ ಹೇಳುವುದು? ಅವರ ಬಾಯಲ್ಲೇ ಇದೆಯಲ್ಲ. ಮನೆಗೆ ಬಂದವರಿಗೆ ಟೀ ಕೊಡುವಾಗ ‘ಅಮ್ಮ ಟೀ ಕುಡಿಯಲ್ಲ’ ಅಂದರೆ ಒಂದು ಅರ್ಥ, ‘ಅಮ್ಮ ಟೀ ಕುಡೀತಿಲ್ಲ’ ಅಂದರೆ ಇನ್ನೊಂದು. ಮೊದಲನೆಯದು ಅಮ್ಮನ ಅಭ್ಯಾಸ, ಎರಡನೆಯದು ಈಗ ಲೋಟ ಹಾಗೇ ಇದೆ ಎಂಬ ಮಾತು. ನಾಲ್ಕು ವರ್ಷದ ಮಗು ಕೂಡ ಇದರಲ್ಲಿ ತಪ್ಪುವುದಿಲ್ಲ. ‘ಕುಡಿಯಲ್ಲ’ಕ್ಕೆ ‘ಡಸಂಟ್ ಡ್ರಿಂಕ್’, ‘ಕುಡೀತಿಲ್ಲ’ಕ್ಕೆ ‘ಈಸಂಟ್ ಡ್ರಿಂಕಿಂಗ್’. ‘ಇಲ್ಲ’ ಇರುವ ವಾಕ್ಯದಿಂದ ಶುರು ಮಾಡಿ ನೋಡಿ. ‘ಕುಡಿಯುತ್ತಾಳೆ’ಯಲ್ಲಿ ‘ನಾಳೆ ಕುಡಿಯುತ್ತಾಳೆ’ ಎಂಬುದೂ ಸೇರಿಕೊಂಡು ಗೊಂದಲ ಮಾಡುತ್ತದೆ. ‘ನಾಳೆ ಕುಡಿಯಲ್ಲ’ ಎಂದೂ ಅನ್ನುತ್ತೇವೆ ನಿಜ, ಆದರೆ ‘ಕುಡಿಯಲ್ಲ, ಕುಡೀತಿಲ್ಲ’ ಜೋಡಿಯಲ್ಲಿ ಅಭ್ಯಾಸ ಯಾವುದು, ಈಗಿನದು ಯಾವುದು ಎಂದು ಬೇಗ ಗೊತ್ತಾಗುತ್ತದೆ.

ಮಕ್ಕಳು ‘ಐ ಹ್ಯಾವ್’ ಎನ್ನುವ ಬದಲು ‘ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ಎಂದು ಬರೆದಾಗ ಎಲ್ಲರೂ ಕನ್ನಡದ ಪ್ರಭಾವ ಎಂದು ಕೈತೊಳೆದುಕೊಳ್ಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಕನ್ನಡದಲ್ಲಿ ‘ಇಬ್ಬರು ಅಕ್ಕಂದಿರು ಇದ್ದಾರೆ’ ಅನ್ನುತ್ತೇವೆ, ‘ಇರ್ತಾ ಇದ್ದಾರೆ’ ಅನ್ನುವುದಿಲ್ಲ. ‘ಐ ಆಮ್ ನೋಯಿಂಗ್’ ಕೂಡ ಅಷ್ಟೇ. ನಮ್ಮಲ್ಲಿ ಸುಮ್ನೆ ‘ಗೊತ್ತು’ ಅಷ್ಟೇ ಅಲ್ವಾ? ‘ಅಪ್ಪ ಬ್ಯಾಂಕಲ್ಲಿ ಕೆಲಸ ಮಾಡ್ತಾ ಇದ್ದಾರೆ’ ಎನ್ನುವುದು ‘ಈಸ್ ವರ್ಕಿಂಗ್’ ಆದರೆ ಅದು ಕನ್ನಡದಿಂದ ಬಂದದ್ದು, ಸರಿ. ಇಂಗ್ಲಿಷಿನಲ್ಲಿ ಕಾಯಂ ಕೆಲಸಕ್ಕೆ ‘ವರ್ಕ್ಸ್’ ಸಾಕು. ಆದರೆ ‘ಹ್ಯಾವಿಂಗ್’ ಬರುವುದು ಐಎನ್‌ಜಿ ಹಚ್ಚಿಸಿ ಹಚ್ಚಿಸಿ ಬರೆಸಿದ್ದರಿಂದ ಎಂದು ನನಗನ್ನಿಸುತ್ತದೆ.

ಈಗ ಕ್ರಿಯಾವಿಶೇಷಣ, ಅಂದರೆ ಕೆಲಸ ಹೇಗೆ, ಯಾವಾಗ ನಡೆಯುತ್ತದೆ ಎಂದು ಹೇಳುವ ಅಡ್ವರ್ಬ್. ಈ ಪಾಠ ಅಂದರೆ ‘ಎಲ್‌ವೈ’ ಸೇರಿಸುವುದು ಎಂದು ಮುಗಿಸಿಬಿಡುತ್ತಾರೆ. ಆಲ್ವೇಸ್, ಆಫನ್, ಸಮ್‌ಟೈಮ್ಸ್, ನೆವರ್, ನೌ ಇವಕ್ಕೆಲ್ಲ ಎಲ್‌ವೈ ಎಲ್ಲಿದೆ? ಮಕ್ಕಳಿಗೆ ಮೊದಲು ಬೇಕಾಗುವುದು ಇವೇ. ‘ದಿನಾ, ಆಗಾಗ, ಯಾವಾಗಲೂ’ ಬಂದರೆ ‘ಗೋಸ್’. ‘ಈಗ’ ಬಂದರೆ ‘ಈಸ್ ಗೋಯಿಂಗ್’. ಚೌಕದಲ್ಲಿದ್ದ ‘ಈಗ’ ಎಷ್ಟು ತಪ್ಪು ಜಾಗದಲ್ಲಿ ಕೂತಿತ್ತು ಎಂದು ಇಲ್ಲಿ ಗೊತ್ತಾಗುತ್ತದೆ. ‘ಹಿ ಈಸ್ ಆಲ್ವೇಸ್ ಲೂಸಿಂಗ್ ಹಿಸ್ ಪೆನ್ಸಿಲ್’ ಎಂದೂ ಹೇಳುವುದುಂಟು. ‘ಯಾವಾಗ ನೋಡಿದ್ರೂ ಪೆನ್ಸಿಲ್ ಕಳ್ಕೊಳ್ತಾ ಇರ್ತಾನೆ’ ಎಂದು ನಾವು ಗೊಣಗುವ ಹಾಗೆ. ಅದನ್ನು ದೊಡ್ಡ ಕ್ಲಾಸಿಗೆ ಬಿಡೋಣ.

ಈ ಪದಗಳು ವಾಕ್ಯದಲ್ಲಿ ಕೂರುವ ಜಾಗದ ವಿಷಯ ಬೇಗ ಹೇಳಿಬಿಡುತ್ತೇನೆ: ‘ಆಲ್ವೇಸ್ ಗೋಸ್’, ಆದರೆ ‘ಈಸ್ ಆಲ್ವೇಸ್ ಲೇಟ್’.

‘ನೆವರ್’ಗೆ ಮಾತ್ರ ಜಾಸ್ತಿ ಹೊತ್ತು ಬೇಕು. ಅಂದು ನಮ್ಮ ಹುಡುಗಿ ‘ಅಪ್ಪ ಯಾವತ್ತೂ ಕಾಫಿ ಕುಡಿಯಲ್ಲ’ ಎಂಬುದನ್ನು ‘ಅಪ್ಪ ನೆವರ್ ಡಸಂಟ್ ಡ್ರಿಂಕ್ ಕಾಫಿ’ ಎಂದು ಬರೆದಳು. ಇದು ಅಜಾಗ್ರತೆಯಿಂದ ಆದದ್ದಲ್ಲ. ಕನ್ನಡದಲ್ಲಿ ‘ಯಾವತ್ತೂ’ ಒಂದರಿಂದಲೇ ಇಲ್ಲ ಎಂದು ಆಗುವುದಿಲ್ಲ, ‘ಕುಡಿಯಲ್ಲ’ ಎನ್ನುವ ಹಾಗೆ ಕ್ರಿಯಾಪದವೂ ‘ಇಲ್ಲ’ ಎಂದು ಹೇಳಬೇಕು. ಇಂಗ್ಲಿಷಿನ ‘ನೆವರ್’ ಹೊಟ್ಟೆಯಲ್ಲೇ ‘ಇಲ್ಲ’ ಇದೆ. ಅವಳ ವಾಕ್ಯದಲ್ಲಿ ಎರಡು ‘ಇಲ್ಲ’ ಕೂತಿದ್ದವು. ‘ಡಸಂಟ್’ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿ ಓದಲು ಹೇಳಿದೆ. ಓದಿದಳು. ಆಮೇಲೆ ತಾನೇ ಪೆನ್ಸಿಲ್ ತೆಗೆದುಕೊಂಡು ‘ಡ್ರಿಂಕ್’ಗೆ ‘ಎಸ್’ ಹಾಕಿದಳು.