ಹುಣ್ಣಾದ ಎತ್ತಿನ ಫೋಟೋ ಹಾಕಿದೆ, ಏನೂ ಆಗಲಿಲ್ಲ. ಯಾಕೆ?

ಪ್ರಶ್ನೆ: ಸಕ್ಕರೆ ಕಾರ್ಖಾನೆಗೆ ಕಬ್ಬು ಎಳೆಯುವ ಎತ್ತುಗಳ ಪಾಡು ನೋಡಲಾಗುವುದಿಲ್ಲ. ಹೆಗಲು ಹುಣ್ಣಾದ ಎತ್ತಿನ ಫೋಟೋ ತೆಗೆದು ಹಾಕಿದರೆ ಜನ ಮರುಗುತ್ತಾರೆ, ಹಂಚುತ್ತಾರೆ, ಅಲ್ಲಿಗೆ ಮುಗಿಯಿತು. ಎತ್ತಿಗೆ ನಿಜವಾಗಿ ಉಪಯೋಗವಾಗುವಂತೆ ಫೋಟೋ ತೆಗೆಯುವುದು ಹೇಗೆ?

ಉತ್ತರ: ನಿಮ್ಮ ಫೋಟೋದಲ್ಲಿ ನೋವು ಇದೆ, ಲೆಕ್ಕ ಇಲ್ಲ. ಯಾವ ಊರು, ಎಷ್ಟು ಗಂಟೆ, ಯಾವ ಗಾಡಿ, ಯಾವ ಎತ್ತು ಎಂಬುದು ಅದರಿಂದ ತಿಳಿಯದಿದ್ದರೆ ಅಧಿಕಾರಿ ಅದನ್ನು ನೋಡಿ ‘ಅಯ್ಯೋ ಪಾಪ’ ಅನ್ನಬಹುದೇ ಹೊರತು ಕ್ರಮ ಕೈಗೊಳ್ಳಲು ಅವರ ಕೈಗೆ ಏನೂ ಸಿಗುವುದಿಲ್ಲ. ಆದ್ದರಿಂದ ಕ್ಯಾಮೆರಾ ಹಿಡಿಯುವ ಮೊದಲು ನಿಯಮ ಓದಿಕೊಳ್ಳಿ.

ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗೆಂದೇ 1965ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮಗಳಿವೆ. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ನಡುವೆ ವಿಶ್ರಾಂತಿ ಕೊಡದೆ ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ಹೂಡುವಂತಿಲ್ಲ. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ದಾಟಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ. ಮೊಳೆ ಹೊಡೆದ ಬಾರುಕೋಲು, ಚುಚ್ಚುವ ನೊಗ ನಿಷಿದ್ಧ. ಕೆಲಸ ಮುಗಿದ ಮೇಲೂ ಎತ್ತನ್ನು ನೊಗಕ್ಕೆ ಕಟ್ಟಿಯೇ ನಿಲ್ಲಿಸುವುದೂ ತಪ್ಪು. ಇನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಹುಣ್ಣು, ಗಾಯ, ಕಾಯಿಲೆ, ಮುಪ್ಪಿನಿಂದ ಕೆಲಸಕ್ಕೆ ಆಗದ ಪ್ರಾಣಿಯನ್ನು ದುಡಿಸುವುದನ್ನೇ ಅಪರಾಧ ಎನ್ನುತ್ತದೆ. ಇದರಲ್ಲಿ ಪ್ರತಿಯೊಂದನ್ನೂ ಫೋಟೋದಲ್ಲಿ ತೋರಿಸಬಹುದು, ಆದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಫೋಟೋ ಬೇಕು.

ಹುಣ್ಣಿಗೆ ಮೂರು ಫ್ರೇಮ್. ಮೊದಲನೆಯದು ಗಾಡಿ, ಹೊರೆ, ಎರಡೂ ಎತ್ತು, ಹಿಂದೆ ಗುರುತು ಸಿಗುವ ಫಲಕವೋ ಕಟ್ಟಡವೋ ಎಲ್ಲ ಸೇರಿದ ಅಗಲದ ಚಿತ್ರ. 24ರಿಂದ 35 ಎಂಎಂ ಲೆನ್ಸ್ ಅಥವಾ ಫೋನಿನ ಮಾಮೂಲು ಕ್ಯಾಮೆರಾ ಸಾಕು. ಎರಡನೆಯದರಲ್ಲಿ ಅದೇ ಎತ್ತು ಪೂರ್ತಿ, ನೊಗ ಹೆಗಲ ಮೇಲಿರುವಂತೆಯೇ. ನೊಗ ಇಳಿಸಿದ ಮೇಲೆ ತೆಗೆದರೆ ‘ವಾಸಿಯಾಗಲೆಂದೇ ಕಟ್ಟಿಹಾಕಿದ್ದೆವು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮೂರನೆಯದು ಹುಣ್ಣಿನ ಹತ್ತಿರದ ಚಿತ್ರ. ಇದರಲ್ಲಿ ಅಳತೆ ತಿಳಿಯುವ ಒಂದು ವಸ್ತು ಇರಲಿ. ಬೆಂಕಿಪೊಟ್ಟಣ ಸಾಕು, ಹುಣ್ಣಿಗೆ ತಾಗಿಸದೆ ಪಕ್ಕದಲ್ಲಿ ಹಿಡಿಯಲು ಗಾಡಿಯವರನ್ನೇ ಕೇಳಿ. ಮೂರರಲ್ಲೂ ಅದೇ ಎತ್ತು ಎಂದು ತಿಳಿಯಲು ಕೊಂಬಿನ ಬಾಗು, ಕೊಂಬಿನ ಬಣ್ಣ ಅಥವಾ ಕಿವಿಯ ಹಳದಿ ಓಲೆ (ಗುರುತಿನ ಟ್ಯಾಗ್) ಕಾಣಬೇಕು. ಆ ಓಲೆಯ ಮೇಲೆ 12 ಅಂಕಿಯ ಸಂಖ್ಯೆ ಇರುತ್ತದೆ, ಅದು ಓದುವಂತಿದ್ದರೆ ಅರ್ಧ ಕೆಲಸ ಆದಂತೆಯೇ.

ಇಲ್ಲಿ ಹೆಚ್ಚಾಗಿ ಕೆಡುವುದು ಬೆಳಕು. ಖಿಲಾರಿ ತಳಿಯ ಎತ್ತು ಬಿಳಿ, ಬಿಸಿಲು ನೆತ್ತಿಯ ಮೇಲೆ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಮೈಯೆಲ್ಲ ಸುಣ್ಣ ಬಳಿದಂತಾಗಿ ಹುಣ್ಣಿನ ಅಂಚೇ ಮಾಯ. ಎಕ್ಸ್‌ಪೋಷರ್ ಅನ್ನು ಮುಕ್ಕಾಲರಿಂದ ಒಂದು ಸ್ಟಾಪ್ ಇಳಿಸಿ, ಅಂದರೆ ಚಿತ್ರಕ್ಕೆ ಬೀಳುವ ಬೆಳಕನ್ನು ಸುಮಾರು ಅರ್ಧಕ್ಕೆ ತನ್ನಿ. ನಡೆಯುವ ಎತ್ತಿಗೆ ಶಟರ್ ಸೆಕೆಂಡಿನ 1/500ಕ್ಕಿಂತ ನಿಧಾನ ಬೇಡ. ಫ್ಲ್ಯಾಶ್, ಡ್ರೋನ್ ಎರಡೂ ಬೇಡವೇ ಬೇಡ. ಎರಡು ಮೂರು ಟನ್ ಕಬ್ಬು ಹೇರಿದ ಗಾಡಿಯ ಎತ್ತು ಬೆದರಿದರೆ ಕಾಲು ಮುರಿಯುವುದು ಅದರದೋ ಗಾಡಿಯವರದೋ ಹೇಳಲಾಗದು.

ಬಿಸಿಲಿನ ನಿಯಮ ಹಿಡಿದು ಹೊರಡುವವರು ಎರಡು ಕಡೆ ಎಡವುತ್ತಾರೆ. ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬು ಅರೆಯುವ ಹಂಗಾಮಿನ ಬಹುಭಾಗ ಚಳಿಗಾಲ. ಡಿಸೆಂಬರ್‌ನಲ್ಲಿ 37 ಡಿಗ್ರಿ ಹುಡುಕಿದರೆ ಸಿಗುವುದಿಲ್ಲ, ಆಗ ಗಂಟೆಗಳ ಲೆಕ್ಕವನ್ನೇ ಹಿಡಿಯಬೇಕು. ಹಂಗಾಮು ಮಾರ್ಚ್‌ಗೆ ಎಳೆದಾಗ ಮಾತ್ರ ಬಿಸಿಲಿನ ನಿಯಮ ಕೆಲಸಕ್ಕೆ ಬರುತ್ತದೆ. ಇನ್ನೊಂದು ತಪ್ಪು ಥರ್ಮಾಮೀಟರನ್ನು ಬಿಸಿಲಲ್ಲೇ ಹಿಡಿದು ಫೋಟೋ ತೆಗೆಯುವುದು. ಅದು ಗಾಳಿಯ ಉಷ್ಣಾಂಶಕ್ಕಿಂತ ಎಷ್ಟೋ ಹೆಚ್ಚು ತೋರಿಸುತ್ತದೆ, ಎದುರಿನವರು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ನೆರಳಲ್ಲಿ ಗಾಳಿಯಾಡುವಂತೆ ಹಿಡಿದು ಓದಿ, ಹವಾಮಾನ ಇಲಾಖೆಯ ಆ ದಿನದ ದಾಖಲೆಯನ್ನೂ ಜೊತೆಗಿಡಿ.

ಗಂಟೆಗಳ ಲೆಕ್ಕಕ್ಕೆ ಒಂದೇ ಫೋಟೋ ಸಾಲದು. ಬೆಳಗ್ಗೆ 6ಕ್ಕೆ ಹೊಲದಲ್ಲಿ ಹೂಡಿದ ಜೋಡಿಯೇ ಮಧ್ಯಾಹ್ನ 4ಕ್ಕೆ ಕಾರ್ಖಾನೆ ಗೇಟಿನ ಸಾಲಿನಲ್ಲಿದೆ ಎಂದು ತೋರಿಸಬೇಕು. ನಡುವೆ ನೊಗ ಇಳಿಸಲಿಲ್ಲ ಎನ್ನಲು ಗಂಟೆಗೊಂದಾದರೂ ಫ್ರೇಮ್ ಬೇಕು. ಕ್ಯಾಮೆರಾ ಗಡಿಯಾರ ತಪ್ಪಿರುವುದೇ ಹೆಚ್ಚು, ಹಾಗಾಗಿ ದಿನದ ಮೊದಲ ಫೋಟೋ ನಿಮ್ಮ ಫೋನಿನ ಪರದೆಯ ಸಮಯದ್ದಾಗಿರಲಿ. ವ್ಯತ್ಯಾಸ ಇದ್ದರೂ ಆಮೇಲೆ ಲೆಕ್ಕ ಹಾಕಬಹುದು. ಹೊರೆಯ ವಿಷಯಕ್ಕೆ ಬಂದರೆ, ಮಿತಿಯು ಎತ್ತಿನ ತೂಕ, ಚಕ್ರದ ಬಗೆ, ರಸ್ತೆಯ ಏರು ನೋಡಿಕೊಂಡು ಬದಲಾಗುತ್ತದೆ. ಕಬ್ಬಿನ ರಾಶಿ ನೋಡಿ ಅಂದಾಜು ಮಾಡಬೇಡಿ. ಕಾಟಾದ ತೂಕದ ಚೀಟಿಯನ್ನು ಗಾಡಿಯವರು ತೋರಿಸಿದರೆ ಅದರದೂ ಒಂದು ಫೋಟೋ ಇರಲಿ.

ಗಾಡಿಯವರ ಮಾತು ಬಂತು, ಇಲ್ಲಿ ಸ್ವಲ್ಪ ನಿಲ್ಲಬೇಕು. ಮುಖ ಕಾಣುವಂತೆ ತೆಗೆದು ‘ಈ ರಾಕ್ಷಸನನ್ನು ನೋಡಿ’ ಎಂದು ಹಾಕುವವರೇ ಹೆಚ್ಚು. ಆ ಮನುಷ್ಯ ಮುಂಗಡ ಪಡೆದು ಹೆಂಡತಿ ಮಕ್ಕಳೊಂದಿಗೆ ದೂರದಿಂದ, ಎಷ್ಟೋ ಸಲ ಮಹಾರಾಷ್ಟ್ರದ ಬೀಡ್ ಕಡೆಯಿಂದ, ಬಂದವನಾಗಿರಬಹುದು. ಸಾಲು ಉದ್ದವಾದದ್ದು ಅವನಿಂದಲ್ಲ, ಗಾಡಿಗಳು ಕಾಯುವ ಕಾರ್ಖಾನೆಯ ಯಾರ್ಡಿನಲ್ಲಿ ನೆರಳಿಲ್ಲದ್ದು ಅವನಿಂದಲ್ಲ. ಚಾಟಿ ಎತ್ತಿದ ಕೈಗಿಂತ ಕಿಲೋಮೀಟರ್ ಉದ್ದದ ಸಾಲು, ಒಣಗಿದ ನೀರಿನ ತೊಟ್ಟಿ, ನೊಗದಲ್ಲೇ ನಿಂತ ನಲವತ್ತು ಜೋಡಿ ಎತ್ತು ಹೆಚ್ಚು ಹೇಳುತ್ತವೆ. ಅವನ ಮುಖ ಮಸುಕು ಮಾಡಿ, ಆದರೆ ಪ್ರಕಟಿಸುವ ಪ್ರತಿಯಲ್ಲಿ ಮಾತ್ರ. ಮೂಲ ಫೈಲ್ ಮುಟ್ಟಬೇಡಿ.

ಪಶ್ಚಿಮ ಬಂಗಾಳದ ಬಾಂಕುರಾ ಜಿಲ್ಲೆಯಲ್ಲಿ ಛಾಯಾಗ್ರಾಹಕ ಬಿಪ್ಲಬ್ ಹಜ್ರಾ ತೆಗೆದ ಚಿತ್ರ, ಪ್ರಾಣಿಯ ಜೊತೆ ಸುತ್ತಲಿನದನ್ನೂ ತೋರಿಸುವುದಕ್ಕೆ ಒಳ್ಳೆಯ ಉದಾಹರಣೆ. ಆನೆ ಮತ್ತು ಮರಿ ಬೆಂಕಿಯ ನಡುವೆ ರಸ್ತೆ ದಾಟುತ್ತಿವೆ. 2017ರಲ್ಲಿ ಸ್ಯಾಂಕ್ಚುಯರಿ ಪತ್ರಿಕೆಯ ಪ್ರಶಸ್ತಿ ಪಡೆದು ಅದು ಜಗತ್ತೆಲ್ಲ ಸುತ್ತಿತು. ಆನೆಗಳನ್ನಷ್ಟೇ ಕತ್ತರಿಸಿ ಇಟ್ಟಿದ್ದರೆ ಅದು ಕಾಡ್ಗಿಚ್ಚಿನ ಚಿತ್ರ ಎನಿಸುತ್ತಿತ್ತು. ಹಿಂದೆ ಜನರ ಗುಂಪು ಇರುವುದರಿಂದಲೇ ಬೆಂಕಿ ಎಲ್ಲಿಂದ ಬಂತೆಂದು ತಿಳಿಯುತ್ತದೆ. 2018ರ ಆಗಸ್ಟ್‌ನಲ್ಲಿ, ಆನೆ ಓಡಿಸಲು ಬೆಂಕಿಯುಂಡೆ, ಕಬ್ಬಿಣದ ಮೊಳೆ ಬಳಸುವುದರ ವಿರುದ್ಧ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಆದೇಶ ಕೊಟ್ಟಿತು. ಆ ಅರ್ಜಿಯಲ್ಲಿ ಕರ್ನಾಟಕದ ಹೆಸರೂ ಇತ್ತು. ಫೋಟೋದಿಂದಲೇ ಆದೇಶ ಬಂತು ಎನ್ನುವುದು ಅತಿಯಾದೀತು, ಅರ್ಜಿ ಹಾಕಿ ಓಡಾಡಿದವರು ಇದ್ದರು. ನಿಮಗೂ ಅಂಥವರು ಬೇಕು.

ಫೈಲ್ ಕಾಪಾಡುವ ಕೆಲಸ ಬೇಸರದ್ದು, ಆದರೆ ದೂರುಗಳು ಸೋಲುವುದು ಇಲ್ಲೇ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಸಮಯ, ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಮೆಮೊರಿ ಕಾರ್ಡಿನಿಂದ ಕೆಟ್ಟ ಫೋಟೋಗಳನ್ನೂ ಅಳಿಸಬೇಡಿ, ಸಂಖ್ಯೆಗಳ ನಡುವೆ ಬಿಟ್ಟುಹೋದದ್ದು ಅನುಮಾನ ಹುಟ್ಟಿಸುತ್ತದೆ. ನ್ಯಾಯಾಲಯಕ್ಕೆ ಹೋಗುವುದಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ, ಒಂದಕ್ಕೆ ನಿಮ್ಮ ಸಹಿ, ಇನ್ನೊಂದಕ್ಕೆ ತಜ್ಞರದು. ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲ್ ಚೂರು ಬದಲಾದರೂ ಬದಲಾಗುವ, ಅದರ ಬೆರಳಚ್ಚಿನಂಥ ಸಂಕೇತ) ಬರೆಯಬೇಕು. ಹಾಗಾಗಿ ಅದೇ ಸಂಜೆ ಕಂಪ್ಯೂಟರಿಗೆ ನಕಲು ಮಾಡಿ ಎಸ್‌ಎಚ್‌ಎ-256 ಎಂಬ ವಿಧಾನದ ಹ್ಯಾಶ್ ತೆಗೆದು ಬರೆದಿಟ್ಟುಕೊಳ್ಳಿ.

ರಸ್ತೆಯಲ್ಲಿ ನಿಂತು ತೆಗೆಯಲು ಅಡ್ಡಿಯಿಲ್ಲ. ಯಾರ್ಡ್ ಒಳಗೆ ಅನುಮತಿ ಇಲ್ಲದೆ ಹೋದರೆ ನಿಮ್ಮ ಮೇಲೆಯೇ ಅತಿಕ್ರಮ ಪ್ರವೇಶದ ದೂರು ಬೀಳುತ್ತದೆ. ಎತ್ತು ಕಣ್ಣೆದುರೇ ಕುಸಿದಿದ್ದರೆ ಮೊದಲು 1962ಕ್ಕೆ ಕರೆ ಮಾಡಿ ಪಶು ಆಂಬುಲೆನ್ಸ್ ಕೇಳಿ.

ದೂರನ್ನು ಪೊಲೀಸರಿಗಷ್ಟೇ ಕೊಟ್ಟು ಕಾಯಬೇಡಿ. 11ನೇ ಸೆಕ್ಷನ್ನಿನ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ, 1960ರಲ್ಲಿ ಬರೆದದ್ದು ಹಾಗೆಯೇ ಉಳಿದಿದೆ. ಆ ಹಣಕ್ಕೆ ಇಂದು ಎತ್ತಿಗೆ ಒಂದು ಹೊತ್ತಿನ ಮೇವೂ ಬಾರದು. ಹಾಗಾಗಿ ಫೋಟೋಗಳ ಜೊತೆ ಒಂದು ಪುಟದ ಪತ್ರವನ್ನು ಜಿಲ್ಲಾಧಿಕಾರಿಗೆ ಕೊಡಿ, ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ಅವರೇ ಅಧ್ಯಕ್ಷರು. ಪ್ರತಿಗಳು ಪಶುಪಾಲನಾ ಇಲಾಖೆಗೆ, ಕಾರ್ಖಾನೆಯ ಕಬ್ಬು ವಿಭಾಗಕ್ಕೆ. ಬೇಡಿಕೆ ಚಿಕ್ಕದಾಗಿರಲಿ: ಸಾಲಿನಲ್ಲಿ ನೊಗ ಇಳಿಸಲು ಜಾಗ, ನೆರಳು, ನೀರು, ಗಾಡಿಗಳಿಗೆ ಟೋಕನ್ ಕೊಟ್ಟು ಸರದಿಯ ಸಮಯ ಗೊತ್ತುಪಡಿಸುವುದು. ಚಿತ್ರದ ಕೆಳಗೆ ‘ಕ್ರೌರ್ಯದ ಪರಮಾವಧಿ’ ಎಂದು ಬರೆಯಬೇಡಿ. ‘ಮಾರ್ಚ್ 12, ಮಧ್ಯಾಹ್ನ 1.40, ಗೇಟಿನಿಂದ 300 ಮೀಟರ್, ನೊಗದಲ್ಲಿರುವ ಎತ್ತು, ಬಲ ಹೆಗಲಲ್ಲಿ ತೆರೆದ ಹುಣ್ಣು’ ಎಂಬಷ್ಟು ಸಾಕು.

ತಿಂಗಳ ನಂತರ ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಅದೇ ಲೆನ್ಸಿನಲ್ಲಿ ಮತ್ತೆ ತೆಗೆಯಿರಿ. ನೀರಿನ ತೊಟ್ಟಿ ಕಟ್ಟಿಸಿದ್ದೇವೆ ಎಂದು ಉತ್ತರ ಬಂದಿದ್ದರೆ, ತೊಟ್ಟಿಯ ಹೊರಗಿನಿಂದಲ್ಲ, ಮೇಲಿನಿಂದ ಬಗ್ಗಿ ಒಳಗಿನದನ್ನು ತೆಗೆಯಿರಿ.